ಟೇಸ್ಟರ್ ಶಿವಪ್ರಸಾದನ ಖಾಲಿ ಟ್ರೇ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಒಂದೇ ಒಂದು ನೀರುದೋಸೆ.

ಅಮೆರಿಕದ ಬ್ರಿಡ್ಜ್‌ವಾಟರಿನ ‘ಊಟಕ್ಕೇಳಿ ಫ್ರೋಜನ್ ಫುಡ್ಸ್’ ಕಂಪನಿಯಲ್ಲಿ ಶಿವಪ್ರಸಾದ ಟೇಸ್ಟರ್. ಟೇಸ್ಟರ್ ಎಂದರೆ ಚಮಚದ ತುದಿ ನೆಕ್ಕಿ, ಉಪ್ಪು ಜಾಸ್ತಿ ಹುಳಿ ಕಡಿಮೆ ಎನ್ನುವ ಕೆಲಸವಲ್ಲ. ಅಂಗಡಿಯವರು ಮಾಲು ನೋಡಲು ಬಂದಾಗ ಅವರೆದುರು ಕೂತು ಇಡೀ ಟ್ರೇ ಊಟವನ್ನು ಚಪ್ಪರಿಸಿ ಖಾಲಿ ಮಾಡಬೇಕು. ನೋಡಿದವರ ಬಾಯಲ್ಲಿ ನೀರೂರಬೇಕು. ಕಂಪನಿಯ ಒಡತಿ ತನುಶ್ರೀ ಅವನನ್ನು ಮೊದಲು ಕಂಡದ್ದು ಕನ್ನಡ ಸಂಘದ ಯುಗಾದಿ ಊಟದಲ್ಲಿ. ಅವನು ಪುಳಿಯೋಗರೆ ತಿನ್ನುವ ಚಂದ ನೋಡುತ್ತಾ ನೋಡುತ್ತಾ, ಡಯಟ್ ಮಾಡುತ್ತಿದ್ದ ಆಕೆಯೂ ಎದ್ದು ಹೋಗಿ ಇನ್ನೊಮ್ಮೆ ಬಡಿಸಿಕೊಂಡಿದ್ದಳು. ಅವನು ಕೈ ತೊಳೆಯುವ ಮೊದಲೇ ಕೆಲಸ ಕೊಟ್ಟುಬಿಟ್ಟಳು.

ತಿನ್ನುವ ಉದ್ಯೋಗ ಮಾಡಿ ಮಾಡಿ ಶಿವಪ್ರಸಾದನ ಶುಗರ್ ಏರಿತು, ಮಂಡಿ ಕೈಕೊಟ್ಟಿತು. ಹೊಟ್ಟೆ ಕತ್ತರಿಸದೆ ಗತಿಯಿಲ್ಲ ಎಂದರು ಡಾಕ್ಟರು. ಕತ್ತರಿಸಿಯೂ ಬಿಟ್ಟರು. ಈಗ ಅವನ ಜಠರ ಒಂದು ಬಾಳೆಹಣ್ಣಿನ ಗಾತ್ರ. ಆಫೀಸಿನಲ್ಲಿ ಮಾತ್ರ ಹರ್ನಿಯಾ ಆಪರೇಷನ್ ಎಂದು ಹೇಳಿದ್ದ. ತಿನ್ನಲಾರದ ಟೇಸ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಗಳ ಕಾಲೇಜು, ಓಲ್ಡ್ ಬ್ರಿಡ್ಜ್ ಊರಿನ ಮನೆಯ ಕಂತು, ಈ ಹೊಸ ಹೊಟ್ಟೆಯ ಇನ್ಶೂರೆನ್ಸು, ಎಲ್ಲವೂ ಹಳೆಯ ಹೊಟ್ಟೆಯ ಹೆಸರಿನಲ್ಲೇ ನಡೆಯುತ್ತಿದ್ದವು.

ಇವತ್ತು ಮಾರ್ಗರೆಟ್ ಬರುವ ದಿನ. ದೊಡ್ಡದೊಂದು ಸೂಪರ್‌ಮಾರ್ಕೆಟ್‌ಗೆ ಫ್ರೋಜನ್ ಊಟಗಳನ್ನು ಆರಿಸುವವಳು ಆಕೆ. ಒಪ್ಪಿದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಬೀಗ.

“ಪ್ರಸಾದ್, ಇವತ್ತು ಫುಲ್ ಫಾರ್ಮ್‌ನಲ್ಲಿರ್ಬೇಕು. ಬಿಸಿಬೇಳೆಬಾತ್ ಟ್ರೇ. ನೀವ್ ತಿನ್ನೋದ್ ನೋಡೇ ಆಕೆ ಫ್ಲ್ಯಾಟ್ ಆಗ್ಬೇಕು” ಎಂದಳು ತನುಶ್ರೀ.

ಅದಕ್ಕಾಗಿಯೇ ಅವನು ಹಿಂದಿನ ಸಂಜೆಯಿಂದ ಏನೂ ಮುಟ್ಟದೆ ಹೊಟ್ಟೆಯಲ್ಲಿ ಜಾಗ ಕಾದಿಟ್ಟಿದ್ದ. ಆ ಜಾಗಕ್ಕೆ ಕನ್ನ ಹಾಕಿದವಳು ಪ್ಯಾಕಿಂಗ್ ಸೂಪರ್‌ವೈಸರ್ ಆಯೇಷಾ. ಮಂಗಳೂರಿನವಳು, ಕರುಣಾಳು. ಕರುಣಾಳುಗಳಿಂದ ತಪ್ಪಿಸಿಕೊಳ್ಳುವುದು ಯಾವಾಗಲೂ ಕಷ್ಟ.

“ಎಂಥ ಸಾರ್ ಇದು! ಪ್ಯಾಂಟು ಬಿದ್ದುಹೋಗುವ ಹಾಗೆ ಉಂಟು! ಒಂದು ನೀರುದೋಸೆ ತಿನ್ನಿ.”

“ಬೇಡ ಆಯೇಷಾ, ಆಮೇಲೆ ಬಾತ್ ತಿನ್ನೋದಿದೆ.”

“ಒಂದೇ ಒಂದು. ಇಲ್ಲ, ನನ್ನ ಕೈಯದ್ದು ತಿನ್ನುವುದಿಲ್ಲ ಅಂತ ಇದ್ರೆ ಹೇಳಿಬಿಡಿ.”

ಆ ಮಾತು ಬಂದ ಮೇಲೆ ಬೇಡ ಎನ್ನಲು ಯಾವ ಮರ್ಯಾದಸ್ಥನಿಗೆ ಸಾಧ್ಯ? ತಿಂದ. ಬಾಳೆಹಣ್ಣು ಭರ್ತಿಯಾಯಿತು. ಇನ್ನು ಒಂದು ಅಗುಳು ಒಳಗೆ ಹೋದರೂ ನೀರುದೋಸೆ ಹೊರಗೆ ಬರುವ ಸ್ಥಿತಿ.

ಹೆದರಿದವನಿಗೆ ಬುದ್ಧಿ ಚುರುಕಾಗುತ್ತದೆ. ಶಿವಪ್ರಸಾದ ಸ್ಯಾಂಪಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಒಂದು ಟ್ರೇಯ ತಳಕ್ಕೆ ಹಲ್ವದ ಗಿಡ್ಡ ಕಪ್ಪು ಟ್ರೇಯನ್ನು ಬೋರಲು ಹಾಕಿ, ಮೇಲೆ ಬಿಸಿಬೇಳೆಬಾತನ್ನು ತೆಳ್ಳಗೆ ಹರಡಿ, ಮೆಷಿನ್ನಿನಲ್ಲಿ ಸೀಲ್ ಮಾಡಿದ. ನೋಡುವವರಿಗೆ ತುಂಬಿದ ಟ್ರೇ, ಒಳಗೆ ನಾಲ್ಕಾರು ಚಮಚ. ಗುರುತಿಗೆ ಮೇಲೊಂದು ಕೆಂಪು ಚುಕ್ಕೆ ಇಟ್ಟು, ‘ಚುಕ್ಕೆ ಇರೋದು ನನಗೆ’ ಎಂದು ಆಯೇಷಾಗೆ ಹೇಳಿಟ್ಟ. ಅದೂ ತಿನ್ನಲಾಗದಿದ್ದರೆ ಇರಲಿ ಎಂದು ತನ್ನ ಲಂಚ್ ಬ್ಯಾಗನ್ನು ಖಾಲಿ ಮಾಡಿ ತೊಡೆಯ ಮೇಲಿಟ್ಟುಕೊಂಡು ಮೀಟಿಂಗ್ ಮೇಜಿಗೆ ಕೂತ.

ಮಾರ್ಗರೆಟ್ ಬಂದು ಎದುರು ಕೂತ ಮೇಲೆ ಆಯೇಷಾ ಅವಳಿಗೊಂದು, ಶಿವಪ್ರಸಾದನಿಗೊಂದು ಟ್ರೇ ಬಿಸಿ ಮಾಡಿ ತಂದಳು. ದಿನವೆಲ್ಲ ಟ್ರೇ ಎತ್ತುವ ಕೈಗೆ ಚುಕ್ಕೆಯದ್ದು ಹಗುರ ಎಂದು ಕೂಡಲೇ ತಿಳಿಯಿತು. ಪಾಪ, ಸೊರಗಿದ ಸಾರ್‌ಗೆ ಕಡಿಮೆಯದ್ದು ಯಾಕೆ? ಭಾರದ ಟ್ರೇಯನ್ನು ಶಿವಪ್ರಸಾದನ ಮುಂದಿಟ್ಟು, ಚುಕ್ಕೆಯದ್ದನ್ನು ಮಾರ್ಗರೆಟ್‌ಗೆ ಕೊಟ್ಟು, ಅವನತ್ತ ನೋಡಿ ಪ್ರೀತಿಯಿಂದ ಕಣ್ಣು ಮಿಟುಕಿಸಿದಳು.

ಶಿವಪ್ರಸಾದ ಚಮಚ ಊರಿದ. ಅದು ಇಳಿಯಿತು, ಇಳಿಯುತ್ತಲೇ ಹೋಯಿತು. ಇದು ಚುಕ್ಕೆಯದ್ದಲ್ಲ, ತುಂಬಿದ ಟ್ರೇ!

ಪುಣ್ಯಕ್ಕೆ ಮಾರ್ಗರೆಟ್ ಕಣ್ಣು ಮುಚ್ಚಿ ಸವಿಯುತ್ತಿದ್ದಳು, ತನುಶ್ರೀ ಕಣ್ಣು ಕೀಳದೆ ಅವಳನ್ನೇ ನೋಡುತ್ತಿದ್ದಳು. ಶಿವಪ್ರಸಾದ ಒಂದು ಚಮಚವನ್ನು ತುಟಿಗೆ ಸೋಕಿಸಿ “ಆಹಾ!” ಎನ್ನುವುದು, ಮೂರು ಚಮಚವನ್ನು ಮೇಜಿನ ಕೆಳಗೆ ಬ್ಯಾಗಿಗೆ ಸುರಿಯುವುದು. ಹೀಗೇ ಟ್ರೇ ಖಾಲಿಯಾಯಿತು. ಬದುಕಿದೆ ಎಂದುಕೊಂಡ.

ಅಷ್ಟರಲ್ಲಿ ಮಾರ್ಗರೆಟ್‌ಳ ಚಮಚ ತಳಕ್ಕೆ ಟಕ್ಕೆಂದು ಬಡಿಯಿತು. ಆಕೆ ಬಗ್ಗಿ ನೋಡಿದಳು. ತನುಶ್ರೀಯ ಮುಖ ಬಿಳಿಚಿತು.

“ಎರಡು ವರ್ಷದ ನಂತರ ಇವತ್ತು ಒಂದು ಊಟ ಪೂರ್ತಿ ಮುಗಿಸಿದೆ!” ಎಂದಳು ಮಾರ್ಗರೆಟ್ ಇಂಗ್ಲಿಷಿನಲ್ಲಿ. ಆಕೆಯ ಕಣ್ಣು ತುಂಬಿತ್ತು. “ನನಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಿದೆ. ದಿನಾ ಅರ್ಧ ಟ್ರೇ ಕಸಕ್ಕೆ ಹಾಕುವಾಗ ಸೋತಂತೆ ಅನಿಸುತ್ತದೆ. ಇದು ತುಂಬಿದ ಹಾಗೆ ಕಾಣುತ್ತದೆ, ಮುಗಿಸಲೂ ಆಗುತ್ತದೆ. ಯಾರ ಐಡಿಯಾ ಇದು?”

“ನಮ್ಮದೇ ಡಿಸೈನ್” ಎಂದಳು ತನುಶ್ರೀ, ರೆಪ್ಪೆ ಬಡಿಯದೆ. ಅವಳಿಗೆ ಸುಳಿವೇ ಇರಲಿಲ್ಲ.

ಆರ್ಡರ್ ಅಲ್ಲೇ ಆಯಿತು. ಇಂಥ ಕಡಿಮೆ ಊಟದ ಟ್ರೇಗಳು ಮಾತ್ರ ಸಾಕು, ದೊಡ್ಡ ಊಟದವು ಬೇಡವೇ ಬೇಡ. ಒಂದೇ ಷರತ್ತು: ರುಚಿ ನೋಡುವವರೂ ಆಪರೇಷನ್ ಆದವರೇ ಆಗಿರಬೇಕು.

ತನುಶ್ರೀ ಕನ್ನಡಕ್ಕೆ ತಿರುಗಿದಳು. “ಪ್ರಸಾದ್, ಐ ಯಾಮ್ ಸೋ ಸಾರಿ. ಇನ್ಮೇಲೆ ದೊಡ್ಡ ಟ್ರೇ ಇಲ್ಲ. ನಿಮ್ಮಂಥ ಹೊಟ್ಟೆ ಇಟ್ಕೊಂಡು ನಾನೇನ್ ಮಾಡ್ಲಿ ಹೇಳಿ?”

“ಮೇಡಂ! ನನಗೂ ಅದೇ ಆಪರೇಷನ್ ಆಗಿದೆ!”

“ನಿಮ್ದು ಹರ್ನಿಯಾ ಅಲ್ವಾ?”

“ಸುಳ್ಳು ಹೇಳಿದ್ದೆ ಮೇಡಂ. ಬೇಕಾದ್ರೆ ನಾಳೆ ಡಾಕ್ಟರ್ ಸರ್ಟಿಫಿಕೇಟ್ ತರ್ತೀನಿ. ನನ್ನ ಕೈಲಿ ನಾಲ್ಕ್ ಚಮಚ ತಿನ್ನಕ್ಕಾಗಲ್ಲ!”

ತನುಶ್ರೀ ಅವನ ಮುಂದಿದ್ದ ಖಾಲಿ ಟ್ರೇಯನ್ನು ಎತ್ತಿ ಹಿಡಿದಳು. ಒಂದು ಅಗುಳೂ ಇರಲಿಲ್ಲ. “ಮತ್ತೆ ಇದೇನ್ರೀ? ಆಪರೇಷನ್ ಆಗಿದ್ರೂ ಅದು ಫೇಲ್ ಆಗಿದೆ ಕಣ್ರೀ.”

ಅವನು ಏನು ಹೇಳುತ್ತಿದ್ದಾನೆ ಎಂದು ಮಾರ್ಗರೆಟ್ ಕೇಳಿದಳು. ಊಟ ತುಂಬಾ ಹಿಡಿಸಿತಂತೆ ಎಂದಳು ತನುಶ್ರೀ. “ಅದೃಷ್ಟವಂತ. ಇವರ ಹೊಟ್ಟೆ ನೋಡಿದರೆ ನನಗೆ ಹೊಟ್ಟೆಕಿಚ್ಚು” ಎಂದು ಮಾರ್ಗರೆಟ್ ನಕ್ಕಳು.

ಶಿವಪ್ರಸಾದನ ಹತ್ತಿರ ಒಂದು ಸಾಕ್ಷಿ ಇತ್ತು. ತೊಡೆಯ ಮೇಲೆ, ಬ್ಯಾಗಿನೊಳಗೆ, ಹೆಸರಿಗೆ ತಕ್ಕ ಹಾಗೆ ಇನ್ನೂ ಸುಡುತ್ತಿತ್ತು. ತೆಗೆದು ಮೇಜಿನ ಮೇಲಿಟ್ಟರೆ, ಕಂಪನಿಯ ಟೇಸ್ಟರೇ ಕಂಪನಿಯ ಊಟವನ್ನು ತಿನ್ನದೆ ಬ್ಯಾಗಿಗೆ ಸುರಿದದ್ದನ್ನು ಮಾರ್ಗರೆಟ್ ನೋಡುತ್ತಾಳೆ. ಆಮೇಲೆ ಆರ್ಡರೂ ಇಲ್ಲ, ಕಂಪನಿಯೂ ಇಲ್ಲ. ಅವನು ಎರಡೂ ಕೈಯಲ್ಲಿ ಬ್ಯಾಗನ್ನು ಒತ್ತಿ ಹಿಡಿದು, ಬೆವರುತ್ತಾ ಕೂತ.

ಅವನ ಮುಖ ನೋಡಿ ಆಯೇಷಾಳ ಕರುಳು ಚುರುಕ್ಕೆಂದಿತು.

“ಪಾಪ, ಬೇಜಾರು ಮಾಡ್ಬೇಡಿ ಸಾರ್. ಇರಿ, ಇನ್ನೊಂದು ಬಿಸಿ ಮಾಡಿ ತರ್ತೇನೆ. ಭಾರದ್ದೇ ನೋಡಿ ತರ್ತೇನೆ” ಎಂದು ಆಕೆ ಫ್ರೀಜರಿನತ್ತ ಓಡಿದಳು.