ಅಳಿಯನ ಮನೆಯ ಕೆಂಪು ಹೂ

ಫೋನಿನಲ್ಲಿ ಮಾವ, "ಈ ಸಲವಾದ್ರೂ ಗಿಡ ಹೂ ಬಿಟ್ಟಿದೆ ತಾನೇ?" ಎಂದು ಕೇಳಿದಾಗ ಜೋಲಿಲೆಯ ಬಾಯಿಂದ "ಹೂಂ" ಎಂದು ಬಂದುಬಿಟ್ಟಿತು. ಮಾವನ ಮಾತಿಗೆ ಇಲ್ಲ ಅನ್ನುವ ಅಳಿಯ ದಕ್ಷಿಣ ಆಫ್ರಿಕಾದ ನಮ್ಮ ಖೋಸಾ ಜನರಲ್ಲಿ ಇನ್ನೂ ಹುಟ್ಟಿಲ್ಲ.

"ಹಾಗಾದ್ರೆ ಶನಿವಾರ ಬರ್ತೀನಿ!" ಎಂದರು ಮಾವ.

ಆ ಲೋಳೆಸರ ಅವರೇ ಮದುವೆಯಲ್ಲಿ ಕೊಟ್ಟದ್ದು. ಯಾವ ಬಣ್ಣದ ಹೂವೆಂದು ಮಾತ್ರ ಹೇಳಿರಲಿಲ್ಲ, ಅರಳಿದಾಗ ನೋಡು ಎಂದಿದ್ದರು. ಜೋಲಿಲೆ ಅದಕ್ಕೆ ದಿನಾ ನೀರು ಸುರಿದು ಸುರಿದು ತನಗಿಂತ ಎತ್ತರ ಬೆಳೆಸಿದ್ದ. ನೀರು ಹೆಚ್ಚಾದ ಲೋಳೆಸರ ಎಲೆ ಬಿಡುತ್ತದೆ, ಹೂವಲ್ಲ. ನಮ್ಮಲ್ಲಿ ಜುಲೈಗೆ ಲೋಳೆಸರದ ತಿಂಗಳೆಂದೇ ಹೆಸರು. ಗುಡ್ಡವೆಲ್ಲ ಕೆಂಪಾದರೂ ಇದು ಮಾತ್ರ ಮುಳ್ಳು ತೋರಿಸಿಕೊಂಡು ನಿಂತಿತ್ತು.

ಶನಿವಾರ ನಸುಕಿನ ಮಂಜಿನಲ್ಲಿ ಅವನು ಪಕ್ಕದ ಮನೆಯ ಮಾತೋಲೋಳ ಗಿಡದಿಂದ ಕೆಂಪು ಹೂಗೊಂಚಲೊಂದನ್ನು ದಂಟುಸಮೇತ ಕತ್ತರಿಸಿದ. ಬಕೆಟ್ ಬೋರಲು ಹಾಕಿ ಹತ್ತಿ, ತಡಕಾಡುತ್ತ ದಂಟನ್ನು ತನ್ನ ಗಿಡದ ಸುಳಿಯೊಳಗೆ ತುರುಕಿ ತಂತಿ ಬಿಗಿದ. ಒಳಗೇನೋ ಲಟಕ್ಕೆಂದಿತು. ಒಣ ಎಲೆ ಇರಬೇಕು ಅಂದುಕೊಂಡ.

ಬೆಳಗಾಗುತ್ತಲೇ ಮಾತೋಲೋ ಬೇಲಿಯ ಹತ್ತಿರ ಬಂದು ಬಾಯಿ ಮಾಡಿದಳು. "ಯಾವನೋ ನನ್ನ ಹೂ ಕದ್ದಿದಾನೆ!"

"ಮೇಕೆ ಇರ್ಬೇಕು, ಅಕ್ಕಾ."

"ಚಾಕು ಹಿಡ್ಯೋ ಮೇಕೆನಾ?" ಎಂದವಳ ಕಣ್ಣು ಅವನ ಗಿಡದ ಮೇಲೆ ಬಿತ್ತು. "ಅಯ್ಯಯ್ಯೋ, ನಿಂದು ರಾತ್ರೋರಾತ್ರಿ ಅರಳ್ಬಿಡ್ತಾ! ಇರು, ನಿಮ್ಮಾವ ಬಂದಾಗ ನಾನೂ ಬರ್ತೀನಿ."

ಬಂದಳು. ಬೀದಿಯನ್ನೂ ಕರೆತಂದಳು.

ಆರಡಿಗೂ ಮೀರಿದ ಮಾವ ಗೇಟಿನಲ್ಲೇ ಕೆಂಪು ಹೂ ಕಂಡು ಅರೆಗಳಿಗೆ ನಿಂತರು. ಆಮೇಲೆ ಟೋಪಿ ತೆಗೆದು, ಎಲ್ಲರೆದುರು ಅಳಿಯನನ್ನು ಅವನ ಕುಲದ, ಕುಲಪುರುಷನ ಹೆಸರು ಹಿಡಿದು ಹೊಗಳತೊಡಗಿದರು. "ರಾದೆಬೆ! ಬುಂಗಾನೆಯ ಕುಡಿಯೇ! ನಿನ್ನ ಹಿರಿಯರು ಇದನ್ನ ನೋಡ್ಲಿ!"

ಕದ್ದ ಹೂವನ್ನು ನೋಡಲು ಹಿರಿಯರನ್ನು ಕರೆಯುತ್ತಿದ್ದಾರಲ್ಲಾ ಎಂದು ಜೋಲಿಲೆ ನಾಚಿಕೆಯಿಂದ ಹಿಡಿಯಷ್ಟಾದ. ಹೆಂಡತಿ ನೊಸಿಪೊ ಜೋಳದ ಬಿಯರಿನ ಗಡಿಗೆ ತಂದಿಟ್ಟಳು. ಅಷ್ಟರಲ್ಲಿ ಸೂರಕ್ಕಿಯೊಂದು ಹಾರಿಬಂದು ಹೂವಿನ ಮೇಲೆ ಕೂತಿತು. ಗೊಂಚಲು ಕುಡುಕನ ಹಾಗೆ ಮೆಲ್ಲಗೆ ವಾಲಿ, ತಂತಿಯಲ್ಲಿ ಜೋತುಬಿತ್ತು.

"ಸಿಕ್ತು ನನ್ನ ಮೇಕೆ!" ಎಂದಳು ಮಾತೋಲೋ.

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಗಿಡದ ಬಳಿ ಹೋಗಿ, ಕತ್ತು ಬಗ್ಗಿಸಿ ಸುಳಿಯೊಳಗೆ ನೋಡಿದರು. ಕೈಹಾಕಿ ಹೆಬ್ಬೆರಳು ಗಾತ್ರದ ಎಳೆ ಮೊಗ್ಗೊಂದನ್ನು ಎತ್ತಿದರು. ತಂತಿಯ ಬಿಗಿತಕ್ಕೆ ಬುಡದಲ್ಲೇ ಮುರಿದಿತ್ತು. ಉಗುರಿನಿಂದ ಅದರ ಸಿಪ್ಪೆ ಬಿಡಿಸಿದರು.

ಒಳಗೆ ಹಾಲಿನಂಥ ಬಿಳುಪು.

"ಬಿಳೀದು. ಗುಡ್ಡದಲ್ಲೆಲ್ಲೂ ಸಿಗಲ್ಲ," ಎಂದರು ಮೆಲ್ಲಗೆ. "ತಡವಾದ್ರೂ ಬಂದಿತ್ತು."

ಜೋಲಿಲೆಗೆ ಅಳು ಒತ್ತರಿಸಿ ಬಂತು. ನೊಸಿಪೊ ಅವನತ್ತ ತಿರುಗಿಯೂ ನೋಡದೆ, ತಂದೆಗೆ ಬಿಯರು ನೀಡಿದಳು. ಅವರು ಬೇಡವೆಂದು ಕೈಯಾಡಿಸಿದರು. ಮತ್ತೆ ರಾದೆಬೆ ಅನ್ನಲಿಲ್ಲ, ಬುಂಗಾನೆ ಅನ್ನಲಿಲ್ಲ. ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು, ಬೀದಿಯ ಹುಡುಗನನ್ನು ಕರೆಯುವ ಹಾಗೆ ಬರೀ ಹೆಸರು ಹಿಡಿದು ಕರೆದರು.

"ಜೋಲಿಲೆ, ಒಂದು ಲೋಟ ನೀರು ತಾ. ನೀರಿಗೇನೂ ನಿನ್ಮನೇಲಿ ಬರ ಇಲ್ವಲ್ಲ."