ಆಫ್ರಿಕಾನ್ಸ್ ನಾಟಕಕ್ಕೆ ಬೆಳುವಾಯಿಯಲ್ಲಾದ ಅನ್ಯಾಯ

ಅನುವಾದಕನಿಗೆ ಸಿಟ್ಟು ಬರಬಾರದಂತೆ. ಹೀಗೆ ಹೇಳಿದವರು ಯಾರೂ ಅನುವಾದ ಮಾಡಿದವರಲ್ಲ. ನಾನು ಮೂಡಬಿದಿರೆಯಲ್ಲಿ ಕೂತು, ದಕ್ಷಿಣ ಆಫ್ರಿಕದ ಹಳೆಯ ಲೇಖಕನೊಬ್ಬನ ನಾಟಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಎಳೆದು ತಂದವನು. ಆತನ ಹೆಸರಿಗೆ ನನ್ನ ನಾಲಿಗೆ ಇನ್ನೂ ಹೊರಳಿಲ್ಲ, ಆದ್ದರಿಂದ ಮಹಾನುಭಾವ ಎನ್ನುತ್ತೇನೆ. ಅವನ ಕಾಲಕ್ಕೆ ಅಲ್ಲಿ ಇಗರ್ಜಿಯ ಪ್ರಾರ್ಥನೆಗೆ ಡಚ್, ಕಚೇರಿಗೆ ಇಂಗ್ಲಿಷ್. ಮನೆಯಲ್ಲಾಡುವ ಆಫ್ರಿಕಾನ್ಸ್ ಬರೀ ಅಡುಗೆಮನೆಯ ಭಾಷೆ. ಇವನು ಹಟ ಹಿಡಿದು ಅದರಲ್ಲೇ ನಾಟಕ ಬರೆದ. ದೊಡ್ಡವರು ಮೂಗು ಮುರಿದರು. ಎಂಥ ಧೈರ್ಯ! ಈ ಧೈರ್ಯದ ಬಗ್ಗೆ ನಾನು ಸಿಕ್ಕ ಸಭೆಗಳಲ್ಲೆಲ್ಲ ಭಾಷಣ ಮಾಡಿದ್ದೇನೆ. ಕೇಳುಗರು ಊಟಕ್ಕೆ ಎಲೆ ಹಾಕಿದರೋ ಎಂದು ಹಿಂದೆ ತಿರುಗಿ ನೋಡಿದರೂ ಬಿಟ್ಟಿಲ್ಲ.

ಬೆಳುವಾಯಿಯ ಯುವಕರ ತಂಡ ಆ ನಾಟಕ ಆಡುತ್ತೇವೆಂದಾಗ ಹಿಗ್ಗಿಹೋದೆ. ಒಂದಕ್ಷರವೂ ಬದಲಾಗಬಾರದೆಂದು ತಾಕೀತು ಮಾಡಿ ಪ್ರತಿ ಕೊಟ್ಟೆ. ಟಯರ್ ಅಂಗಡಿಯ ವಸಂತ ನಿರ್ದೇಶಕ. "ಆಯ್ತು ಸರ್, ನೀವು ಮಂಡೆಬಿಸಿ ಮಾಡ್ಬೇಡಿ" ಎಂದ.

ಪ್ರಯೋಗದ ದಿನ ಹೆಂಡತಿಯೊಂದಿಗೆ ಮೊದಲ ಸಾಲಿನಲ್ಲಿ ಕೂತೆ. ಪೇಟೆಯಲ್ಲಿ ಓದಿ ಬಂದ ಮಗ ತಾಯಿಯ ಮಾತಿಗೆ ನಾಚುವ ದೃಶ್ಯ. ತಾಯಿ, "ವತ್ಸಾ, ಮಾತೃಭಾಷೆಯ ಅವಹೇಳನ ನಿನಗೆ ಭೂಷಣವಲ್ಲ" ಎನ್ನಬೇಕು. ಆ ಭೂಷಣಕ್ಕಾಗಿ ನಾನು ನಿದ್ದೆಗೆಟ್ಟಿದ್ದೆ. ಅವಳು ಸೊಂಟಕ್ಕೆ ಕೈಯಿಟ್ಟು ನಮ್ಮ ಕಡೆಯ ಮನೆಮಾತು ತುಳುವಿನಲ್ಲಿ ಶುರು ಮಾಡಿದಳು! ಮಗನೂ ತುಳು, ಪಾದ್ರಿಯೂ ತುಳು! ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ನಾನು ಮನೆಯಲ್ಲಿ ಗಂಟೆಗಟ್ಟಲೆ ಓದಿ ಹೇಳಿದಾಗ ಆಕಳಿಸಿದ್ದ ನನ್ನ ಹೆಂಡತಿಯೂ ಸೆರಗು ಕಣ್ಣಿಗೊತ್ತಿದಳು.

"ನನ್ನ ಕನ್ನಡ ಎಲ್ಲಿ ಹೋಯಿತು?" ಎಂದೆ.

"ನಿಮ್ಮ ಮಹಾನುಭಾವ ಮಾಡಿದ್ದೂ ಇದನ್ನೇ ಅಲ್ವಾ?" ಎಂದಳು.

ಹೆಂಡತಿ ಸರಿ ಹೇಳಿದಾಗ ನನಗೆ ಸಿಟ್ಟು ಹೆಚ್ಚು. ನಾಟಕ ಮುಗಿದದ್ದೇ ರಂಗದ ಹಿಂದೆ ನುಗ್ಗಿ ವಸಂತನ ಮೇಲೆ ಹರಿಹಾಯ್ದೆ. ಆ ಭರದಲ್ಲಿ ನನ್ನ ಗ್ರಾಂಥಿಕ ಕನ್ನಡ ಕೈಕೊಟ್ಟಿತು. "ನಿಕ್ಕ್ ನಾಚಿಗೆ ಇಜ್ಜಾ ಮಾರಾಯ?" ಎಂದು ಅವನಿಗೆ ನಾಚಿಕೆಯಿಲ್ಲವೇ ಎಂಬಲ್ಲಿಂದ ತೊಡಗಿ, ಸಾಕಿದ ಕೈಯನ್ನೇ ಕಚ್ಚುತ್ತೀಯಾ ಎಂಬುದರವರೆಗೂ ತುಳುವಿನಲ್ಲೇ ಕೂಗಾಡಿದೆ. ವಸಂತ ಜಗಳಕ್ಕೆ ಬರಲಿಲ್ಲ. ತಾಯಿಯ ಪಾತ್ರದವಳ ಕಡೆ ತಿರುಗಿ, "ಇದು ಲಾಯ್ಕ್ ಉಂಟು. ನಿಮ್ಮ ಬಾಯಲ್ಲಿ ಹಾಕುವ" ಎಂದ.

ಮುಂದಿನ ಪ್ರಯೋಗ ವೇಣೂರಿನಲ್ಲಿ. ನಾನು ಬಹಿಷ್ಕರಿಸಿದ್ದೆ, ಬಹಿಷ್ಕಾರವನ್ನು ಕೊನೆಯ ಸಾಲಿನಲ್ಲಿ ಕೂತು ನಡೆಸಿದೆ. ತಾಯಿ ನನ್ನ ಬೈಗುಳವನ್ನು ಮಗನಿಗೆ ಹೇಳಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಕೊನೆಗೆ ವಸಂತ ಮೈಕ್ ಹಿಡಿದು ಶಾಮಿಯಾನದವರನ್ನು, ಚಹಾ ಕೊಟ್ಟವರನ್ನು, ಕನ್ನಡ ಅನುವಾದಕನೆಂದು ನನ್ನನ್ನೂ ಸ್ಮರಿಸಿದ. ಆ ತುಳು ಮಾತು ಬರೆದವರು ಯಾರೆಂದು ಮಾತ್ರ ಬಾಯಿ ಬಿಡಲಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಲೋಕದಲ್ಲಿ ಉಂಟೇ?