ಮಾಮನ ಪೇಪರಿನಲ್ಲಿ ಯುದ್ಧ ಬಂದಿರಲಿಲ್ಲ

ಸುದ್ದಿಯ ವಿಷಯಕ್ಕೆ ನಮ್ಮ ಕಟ್ಟಡದಲ್ಲಿ ಏನಾದರೊಂದು ನಡೆಯದ ವಾರವಿರಲಿಲ್ಲ. ಆಮೇಲೆ ಯುದ್ಧ ಬಂತು. ಅದರಿಂದಲೂ ಪರಿಸ್ಥಿತಿ ಸುಧಾರಿಸಲಿಲ್ಲ.

ಕುವೈತಿನ ಅಬು ಹಲೀಫಾದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಕಟ್ಟಡ ಅದು. ಮೂರನೆಯ ಮಾಳಿಗೆಯಲ್ಲಿ ನಾನು, ಎದುರಿಗೆ ಮಾಮ ಮತ್ತು ಮಾಮಿ, ಪಕ್ಕದಲ್ಲಿ ಪೊರ್ಬುಗಳು. ಮಾಮ ನನಗೆ ಸಂಬಂಧಿಯಲ್ಲ. ಉಡುಪಿ ಕಡೆಯವರು, ಹಿರಿಯರು, ಹಾಗಾಗಿ ಮಾಮ. ನಾವಿಬ್ಬರೂ ಒಂದೇ ಕಂಪೆನಿ. ಅವರು ಗೋದಾಮು ನೋಡಿಕೊಳ್ಳುತ್ತಿದ್ದರು, ನಾನು ಆಫೀಸಿನಲ್ಲಿದ್ದೆ. ಪೊರ್ಬುಗಳು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು; ನಮ್ಮ ಕಡೆ ಅವರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಅದೊಂದು ವಾಸಿಯಾಗದ ಕಾಯಿಲೆ ಎಂದು ಮಾಮ ತಿಳಿದಿದ್ದರು.

ಮಾಮ, ಪೊರ್ಬುಗಳು ಇಬ್ಬರೂ ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವ ಪೈಕಿ. ಆ ಹಳೆಯ ಕಾಲ ಯಾವುದು ಎಂಬುದರಲ್ಲಿ ಮಾತ್ರ ಜಗಳ. ಮಾಮನದ್ದು ರಾಜರ ಕಾಲ, ಪೊರ್ಬುಗಳದ್ದು ಬ್ರಿಟಿಷರ ಕಾಲ.

೧. ಗೆದ್ದ ಪಕ್ಷ

ಮಾಮ ರೇಡಿಯೋ ಕೇಳುತ್ತಿರಲಿಲ್ಲ. ಭೂಮಸೂದೆ ಬಂದು ಅವರ ಮನೆಯ ಗದ್ದೆ ಒಕ್ಕಲಿನವರ ಪಾಲಾದ ಸುದ್ದಿಯನ್ನು ಅವರು ಮೊದಲು ಕೇಳಿದ್ದು ರೇಡಿಯೋದಲ್ಲಿ. ಅಂದಿನಿಂದ ಅದಕ್ಕೆ ಮನೆಯೊಳಗೆ ಪ್ರವೇಶವಿಲ್ಲ. ಟಿವಿ ಎಂದರೆ ನಾಟಕ. ನಂಬಿಕೆ ಒಂದೇ ಒಂದರ ಮೇಲೆ: ಊರಿನಿಂದ ಬರುವ ಅವರ ದಿನಪತ್ರಿಕೆ.

"ಅದರಲ್ಲಿ ಬಂದದ್ದೆಲ್ಲ ನಿಜ ಅಂತ ಹೇಗೆ ಹೇಳ್ತೀರಿ ಮಾಮ?" ಎಂದು ಒಮ್ಮೆ ಕೇಳಿದ್ದೆ.

"ಮರಣ ವಾರ್ತೆ ನೋಡು ಮಾರಾಯ. ಇಷ್ಟು ವರ್ಷದಲ್ಲಿ ಅದರಲ್ಲಿ ಸತ್ತವರು ಒಬ್ಬರೂ ಎದ್ದು ಬಂದದ್ದಿಲ್ಲ."

ಎಂ.ಎ.ಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ.

ಪತ್ರಿಕೆಯನ್ನು ರಜೆ ಮುಗಿಸಿ ಬರುವವರು ಕಟ್ಟು ಕಟ್ಟಿ ತರುತ್ತಿದ್ದರು, ಹಪ್ಪಳ ಮತ್ತು ಮಿಡಿ ಉಪ್ಪಿನಕಾಯಿಯ ಜೊತೆ. ಬಂದ ಕಟ್ಟನ್ನು ಮಾಮ ತಾರೀಕು ಪ್ರಕಾರ ಜೋಡಿಸಿ, ಬೆಳಿಗ್ಗೆ ಕಾಫಿಯ ಜೊತೆ ದಿನಕ್ಕೆ ಒಂದೇ ಓದುವರು. ಮುಂದಿನದ್ದನ್ನು ಮುಟ್ಟುವಂತಿಲ್ಲ. "ನಾಳೆಯದ್ದು ಇವತ್ತೇ ಓದಿದರೆ ನಾಳೆ ಎಂತ ಮಾಡುವುದು?" ಹೀಗಾಗಿ ಮಾಮ ಸದಾ ಎರಡು ತಿಂಗಳು ಹಿಂದೆ ಇರುತ್ತಿದ್ದರು.

ಯುದ್ಧಕ್ಕೆ ಹಿಂದಿನ ಚುನಾವಣೆಯಲ್ಲಿ ಊರಿನಲ್ಲಿ ಅವರ ಪಕ್ಷ ಸೋತಿತು. ಕಟ್ಟಡಕ್ಕೆಲ್ಲ ಗೊತ್ತು. ಮಾಮನ ಪೇಪರಿನಲ್ಲಿ ಇನ್ನೂ ಪ್ರಚಾರ ನಡೆಯುತ್ತಿತ್ತು, ಗೆಲುವು ಖಚಿತ ಎಂದು ಬರೆದಿತ್ತು. ಆ ಖುಷಿಗೆ ಅವರು ಶುಕ್ರವಾರ ಶುಕ್ರವಾರ ನಮ್ಮನ್ನೆಲ್ಲ ಪಾಯಸದ ಊಟಕ್ಕೆ ಕರೆದರು. ಫಲಿತಾಂಶದ ಬಗ್ಗೆ ಯಾರೂ ಬಾಯಿಬಿಡಲಿಲ್ಲ. ವಿರೋಧ ಪಕ್ಷದವರಾದ ಪೊರ್ಬುಗಳಂತೂ ಎರಡು ಲೋಟ ಪಾಯಸ ಕುಡಿದು, "ನಿಮ್ಮ ಪಕ್ಷ ಹೀಗೇ ಗೆಲ್ಲುತ್ತಾ ಇರಲಿ" ಎಂದು ಹರಸಿ ಹೋದರು.

೨. ಪೆರೇಡ್

೧೯೯೦ರ ಆಗಸ್ಟಿನ ಆ ಗುರುವಾರ ಬೆಳಿಗ್ಗೆ ಮಾಮ ಎಂದಿನಂತೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟರು. ಸ್ವಲ್ಪ ಹೊತ್ತಿನಲ್ಲಿ ವಾಪಸು ಬಂದರು.

"ರಸ್ತೆ ಬಂದ್ ಮಾಡಿದ್ದಾರೆ. ಪೆರೇಡ್ ಇರಬೇಕು. ಸುಮಾರು ಟ್ಯಾಂಕ್ ಉಂಟು."

ಅಷ್ಟರಲ್ಲಿ ದೂರದಲ್ಲಿ ಏನೋ ಸಿಡಿದು ಕಿಟಕಿಯ ಗಾಜು ಅದುರಿತು. ಮಾಮಿ ಅಡುಗೆಮನೆಯಿಂದ ಓಡಿ ಬಂದರು.

"ಮಾಮ, ಇರಾಕಿನವರು ನುಗ್ಗಿದ್ದಾರೆ" ಎಂದೆ.

"ಯಾರು ಹೇಳಿದ್ದು?"

"ನೀವೇ ಈಗ ನೋಡಿ ಬಂದಿರಿ."

"ನೋಡಿದ್ದನ್ನೆಲ್ಲ ನಂಬಲಿಕ್ಕೆ ಆಗ್ತದಾ?" ಎಂದು ಮಾಮ ಡಬ್ಬಿ ಬಿಚ್ಚಿ ಕೂತರು. "ಪೇಪರಿನಲ್ಲಿ ಬರಲಿ, ನೋಡುವ."

ಪೇಪರಿನಲ್ಲಿ ಆಗಿನ್ನೂ ಜೂನ್ ತಿಂಗಳು. ಮುಂಗಾರು ತಡವಾದದ್ದರ ಬಗ್ಗೆ ಮಾಮ ಅಂದಿಡೀ ಚಿಂತೆಯಲ್ಲಿದ್ದರು.

೩. ನಲ್ಲಿ

ಪೊರ್ಬುಗಳ ಸುದ್ದಿ ಇಂಗ್ಲಿಷ್ ರೇಡಿಯೋದಿಂದ. ಬಾಲ್ಕನಿಯ ಬಟ್ಟೆ ಒಣಗಿಸುವ ತಂತಿಗೆ ಏರಿಯಲ್ ಸಿಕ್ಕಿಸಿ, ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು ಕೇಳುತ್ತಿದ್ದರು. ಬನಿಯನ್ನಿನಲ್ಲಿ ಇಂಗ್ಲಿಷ್ ಸುದ್ದಿ ಕೇಳುವುದು ಅವರ ಪ್ರಕಾರ ಅಗೌರವ.

"ಆ ದನಿಯಲ್ಲಿ ಸುಳ್ಳು ಹೇಳಲಿಕ್ಕೆ ಬರುವುದೇ ಇಲ್ಲ" ಎನ್ನುವರು. "ಗಂಟಲಿನ ರಚನೆಯೇ ಹಾಗೆ."

ಅವರ ಹೆಂಡತಿ, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದವರು, ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್. ದಿನವೂ ನಗರ ಹಾದು ಹೋಗಿ ಬರುವ ಏಕೈಕ ವ್ಯಕ್ತಿ. ಎಲ್ಲಿ ಗುಂಡು ಹಾರಿತು, ಎಲ್ಲಿ ಖುಬೂಸ್ ರೊಟ್ಟಿ ಸಿಗುತ್ತದೆ, ಎಲ್ಲಿ ಸೈನಿಕರು ತಡೆಯುತ್ತಾರೆ, ಎಲ್ಲ ಬಂದು ಹೇಳುವರು. ಪೊರ್ಬುಗಳು ಸಹನೆಯಿಂದ ಕೇಳಿ, "ಸರಿ, ಸಂಜೆ ರೇಡಿಯೋದಲ್ಲಿ ಎಂತ ಹೇಳ್ತಾರೆ ನೋಡುವಾ" ಎನ್ನುವರು.

ಒಂದು ಸಂಜೆ ನಾನು ಅವರ ಮನೆಯಲ್ಲಿದ್ದೆ. ಬಾಯಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು, ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು. ಕುವೈತಿನ ಕೆಲವು ಭಾಗಗಳಲ್ಲಿ ನೀರು ನಿಂತಿದೆ ಎಂದು ರೇಡಿಯೋ ಹೇಳಿತು. ಪೊರ್ಬುಗಳು ಎದ್ದು ಹೋಗಿ ನಲ್ಲಿ ತಿರುಗಿಸಿ ಬಂದ್ ಮಾಡಿದರು.

"ಎಂತಾಯ್ತು?" ಎಂದರು ಬಾಯಿ.

"ನೀರು ನಿಂತಿದೆ."

"ಬರ್ತಾ ಇತ್ತಲ್ಲ?"

"ಅದು ಅವರಿಗೆ ಗೊತ್ತಾಗುವ ಮೊದಲು" ಎಂದು ಹೇಳಿ ಪೊರ್ಬುಗಳು ಮತ್ತೆ ಗುಂಡಿ ಸರಿ ಮಾಡಿಕೊಂಡು ಕೂತರು.

೪. ಕೊನೆಯ ಸಂಚಿಕೆ

ಸೆಪ್ಟೆಂಬರಿನಲ್ಲಿ ಕಟ್ಟಡ ಖಾಲಿಯಾಗತೊಡಗಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಮ್ಮಾನ್, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿ. ನಮ್ಮವರೇ ಸೇರಿ ಹೋಗುವವರ ಹೆಸರು ಬರೆದುಕೊಳ್ಳುತ್ತಿದ್ದರು. ನಾನು ಬರೆಸಿದೆ. ಪೊರ್ಬುಗಳು ರೇಡಿಯೋ ಒಪ್ಪಿದ ಮೇಲೆ ಬರೆಸಿದರು. ಮಾಮ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಮಾಮಿಗೆ ಹೋಗಬೇಕಿತ್ತು. ಅಂಗಡಿಯಲ್ಲಿ ಅಕ್ಕಿ ಸಿಗುತ್ತಿರಲಿಲ್ಲ, ಕೆಳಗಿನ ಮನೆಗೆ ಸೈನಿಕರು ನುಗ್ಗಿ ಟಿವಿ, ಫ್ರಿಜ್ ಹೊತ್ತೊಯ್ದಿದ್ದರು. ಗಂಡನನ್ನು ಬಿಟ್ಟು ಹೋಗುವ ಹಾಗಿಲ್ಲ.

"ನೀನಾದರೂ ಸ್ವಲ್ಪ ಹೇಳು. ಓದಿದವನಲ್ವಾ?" ಎಂದರು ನನ್ನ ಹತ್ತಿರ.

ನಾನು ಹೋಗಿ ಅಂತರರಾಷ್ಟ್ರೀಯ ಪರಿಸ್ಥಿತಿಯನ್ನು ವಿವರಿಸಿದೆ. ಅಮೆರಿಕ, ವಿಶ್ವಸಂಸ್ಥೆ, ತೈಲದ ಬೆಲೆ. ಮಾಮ ಪೂರ್ತಿ ಕೇಳಿದರು.

"ಎಲ್ಲ ಸರಿ. ಆದರೆ ಕುವೈತಿನ ಬಗ್ಗೆ ಒಂದು ಸಾಲೂ ಬಂದಿಲ್ಲವಲ್ಲ ಮಾರಾಯ."

"ನೀವು ಓದುತ್ತಿರುವುದು ಜುಲೈ ಪೇಪರು ಮಾಮ."

"ಹೌದು. ಅಷ್ಟು ದೊಡ್ಡ ಗಲಾಟೆ ಆಗುವುದಿದ್ದರೆ ಜುಲೈಯಲ್ಲೇ ಒಂದು ಸೂಚನೆ ಕೊಡ್ತಿದ್ದರು. ಅವರು ಹಾಗೆಲ್ಲ ಕೈಬಿಡುವವರಲ್ಲ."

ನಾನು ಎದ್ದು ಬಂದೆ. ಮಾಮಿ ಮತ್ತೆ ಆ ವಿಷಯ ಎತ್ತಲಿಲ್ಲ. ದಿನವೂ ಕಾಫಿ ಕೊಟ್ಟರು, ಕಟ್ಟು ತೆಳ್ಳಗಾಗುವುದನ್ನು ನೋಡುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಮಾಮ ಉಪ್ಪಿನಕಾಯಿಯ ಎಣ್ಣೆ ಹೀರಿಕೊಂಡಿದ್ದ ಕೊನೆಯ ಸಂಚಿಕೆಯನ್ನು ಬೆಳಕಿಗೆ ಹಿಡಿದು ಓದಿ ಮುಗಿಸಿದರು. ಮರುದಿನ ಕಾಫಿ ಬಂತು, ಪೇಪರ್ ಇಲ್ಲ. ವಿಮಾನವಿಲ್ಲ, ರಜೆ ಮುಗಿಸಿ ಬರುವವರೂ ಇಲ್ಲ. ಮಾಮ ಖಾಲಿ ಮೇಜು ನೋಡುತ್ತಾ ಕೂತರು. ಕಾಫಿ ಆರಿತು.

"ಮುಂದಿನದ್ದು ಯಾವಾಗ ಬರ್ತದೆ?" ಎಂದರು.

"ಇಲ್ಲಿಗೆ ಇನ್ನು ಬರುವುದಿಲ್ಲ" ಎಂದರು ಮಾಮಿ. "ಊರಿನಲ್ಲಿ ನಿಮ್ಮ ತಮ್ಮ ಎಲ್ಲ ಒಟ್ಟು ಮಾಡಿ ಇಟ್ಟಿರ್ತಾನೆ. ಬೇಕಿದ್ದರೆ ನಾವೇ ಹೋಗಿ ಓದಬೇಕು."

ಇರಾಕಿನ ಸೇನೆಗೆ ಆಗದ ಕೆಲಸ ಆಯಿತು. ಮಧ್ಯಾಹ್ನಕ್ಕೆ ಮುಂಚೆ ಮಾಮನ ಪೆಟ್ಟಿಗೆ ಕಟ್ಟಿಯಾಗಿತ್ತು.

೫. ತಪಾಸಣೆ

ಬಸ್ಸು ಗಡಿಯ ಹತ್ತಿರ ನಿಂತಿತು. ಸೈನಿಕನೊಬ್ಬ ಹತ್ತಿ ಒಬ್ಬೊಬ್ಬರ ಚೀಲ ಬಿಚ್ಚಿಸಿದ. ಪೊರ್ಬುಗಳ ರೇಡಿಯೋ ಹೋಯಿತು. ನನ್ನ ಕ್ಯಾಸೆಟ್ ಪ್ಲೇಯರ್ ಹೋಯಿತು. ಮಾಮನ ಪೆಟ್ಟಿಗೆ ತೆರೆದರೆ ಬಟ್ಟೆಗಿಂತ ಹೆಚ್ಚು ಪೇಪರು. ಓದಿ ಮುಗಿಸಿದ್ದನ್ನೂ ಅವರು ಬಿಟ್ಟು ಬಂದಿರಲಿಲ್ಲ.

ಸೈನಿಕನ ಮುಖ ಗಂಟಾಯಿತು. ಅಕ್ಷರ ಅವನಿಗೆ ತಿಳಿಯದು. ಒಂದನ್ನು ಎತ್ತಿ ಮಾಮನ ಮುಖದ ಮುಂದೆ ಅಲುಗಾಡಿಸಿ, ಇದರಲ್ಲಿ ನಮ್ಮ ಬಗ್ಗೆ ಏನು ಬರೆದಿದೆ ಎಂದು ಅರಬ್ಬಿಯಲ್ಲಿ ಗದರಿದ. ಮಾಮಿ ನನ್ನ ತೋಳು ಹಿಡಿದರು.

ಮಾಮ ತಮಗೆ ಬರುವ ಗೋದಾಮಿನ ಅರಬ್ಬಿಯಲ್ಲಿ ಶಾಂತವಾಗಿ ಹೇಳಿದರು: ಏನೂ ಇಲ್ಲ. ನೀವು ಕುವೈತಿಗೆ ಬಂದೇ ಇಲ್ಲ.

ಸೈನಿಕ ಅವರನ್ನೇ ನೋಡಿದ. ಆಮೇಲೆ ಪೇಪರನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಮಾಮನ ಭುಜ ತಟ್ಟಿ, "ಒಳ್ಳೆಯ ಪತ್ರಿಕೆ" ಎಂದು ಇಳಿದು ಹೋದ.

ಅಮ್ಮಾನ್ ತಲುಪುವವರೆಗೂ ಮಾಮ ಆ ಪ್ರಶಂಸೆಯನ್ನು ನನಗೆ ನೆನಪಿಸುತ್ತಿದ್ದರು.

೬. ತೂಕಕ್ಕೆ ಹಾಕಿದ ಯುದ್ಧ

ಊರಿನಲ್ಲಿ ಮಾಮನ ತಮ್ಮ ನಿಜಕ್ಕೂ ಪೇಪರ್ ಒಟ್ಟು ಮಾಡಿ ಇಟ್ಟಿದ್ದ. ಮಾಮ ಜುಲೈಯಿಂದ ಶುರು ಮಾಡಿದರು. ದಿನಕ್ಕೆ ಒಂದು. ಹೊಸ ಪೇಪರೂ ದಿನಕ್ಕೆ ಒಂದು ಬರುತ್ತಿತ್ತು, ಹಾಗಾಗಿ ಎರಡು ತಿಂಗಳ ಅಂತರ ಅಲ್ಲಿಯೂ ಕರಗಲಿಲ್ಲ. ಕುವೈತಿನ ಕತೆ ಕೇಳಲು ಬಂದ ನೆಂಟರನ್ನು ಮಾಮ ಕೈಯೆತ್ತಿ ತಡೆಯುತ್ತಿದ್ದರು. "ಈಗ ಹೇಳಬೇಡಿ. ನಾನಿನ್ನೂ ಅಲ್ಲಿಗೆ ಬಂದಿಲ್ಲ."

ಮುಂದಿನ ಬೇಸಿಗೆಯ ಹೊತ್ತಿಗೆ ಯುದ್ಧ ಮುಗಿದಿತ್ತು. ಕಂಪೆನಿ ಮತ್ತೆ ತೆರೆಯಿತು. ನನಗೂ ಮಾಮನಿಗೂ ಕರೆ ಬಂತು: ಕೂಡಲೇ ಬಂದರೆ ಹಳೆಯ ಕೆಲಸ, ತಡ ಮಾಡಿದರೆ ಬೇರೆಯವರಿಗೆ. ಹೇಳಲು ಮಾಮನ ಮನೆಗೆ ಹೋದೆ. ಅವರು ಪೇಪರ್ ಹಿಡಿದು ಬೆವರುತ್ತಾ ಕೂತಿದ್ದರು.

"ಹೊರಡುವಾ ಮಾಮ. ಯುದ್ಧ ಮುಗಿಯಿತು."

"ನಿನಗೆ ತಲೆ ಸರಿ ಉಂಟಾ? ಇವತ್ತು ಬಾಂಬು ಬೀಳಲಿಕ್ಕೆ ಶುರುವಾಗಿದೆ ಅಷ್ಟೇ" ಎಂದು ಜನವರಿಯ ಪೇಪರನ್ನು ನನ್ನ ಮುಂದೆ ಹಿಡಿದರು. "ಇಂಥ ಸಮಯದಲ್ಲಿ ಯಾರಾದರೂ ಕುವೈತಿಗೆ ಹೋಗ್ತಾರಾ? ಪೇಪರ್ ಓದುವ ಅಭ್ಯಾಸ ಬೇಕು ಮಾರಾಯ."

ಟ್ಯಾಂಕಿಗೆ ಹೆದರದವರು ಕಾಗದಕ್ಕೆ ನಡುಗುತ್ತಿದ್ದರು. ನಾನು ಮಾಮಿಯ ಮುಖ ನೋಡಿದೆ. ಗದ್ದೆ ಹೋದ ಮನೆ; ಮಾಮನ ಸಂಬಳ ಬಿಟ್ಟರೆ ಬೇರೆ ದಾರಿಯಿಲ್ಲ.

"ನೀನು ಟಿಕೆಟಿಗೆ ಹೇಳು. ನಿನಗೂ ಇವರಿಗೂ" ಎಂದರು ಮಾಮಿ.

ಎರಡು ದಿನ ಬಿಟ್ಟು ಹೋದಾಗ ಮಾಮ ಪೇಪರಿನ ಅಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತಿದ್ದರು. ಜನವರಿ ಅರ್ಧಕ್ಕೆ ನಿಂತಿತ್ತು. ಆಮೇಲೆ ಸೀದಾ ಮಾರ್ಚ್.

"ನಡುವಿನದ್ದು ಎಲ್ಲಿ?"

"ರದ್ದಿಯವನು ಬಂದಿದ್ದ. ತೂಕಕ್ಕೆ ಹಾಕಿದೆ" ಎಂದರು ಮಾಮಿ. "ಖಲಾಸ್."

ಮಾಮ ಅಟ್ಟಿಯನ್ನು ಇನ್ನೊಮ್ಮೆ ತಿರುವಿ ಹಾಕಿದರು. ಕೊನೆಗೆ ಮಾರ್ಚಿನ ಮೊದಲನೆಯದನ್ನು ಎತ್ತಿಕೊಂಡರು. ಕುವೈತಿನಲ್ಲಿ ಶಾಂತಿ, ಅಂಗಡಿಗಳು ತೆರೆಯುತ್ತಿವೆ ಎಂದು ಬರೆದಿತ್ತು. ಎರಡು ಸಲ ಓದಿದರು. ಆಗಸ್ಟಿನಿಂದ ಓದಿದ್ದೆಲ್ಲ ಮರೆತುಹೋಗಿ ಮುಖ ತಿಳಿಯಾಯಿತು.

"ನಾನು ಆಗಲೇ ಹೇಳಿರಲಿಲ್ವಾ? ಸುಮ್ಮನೆ ಹೆದರಿಸಿ ಓಡಿಸಿಕೊಂಡು ಬಂದಿರಿ."

ಹೀಗೆ ನಾವು ವಾಪಸಾದೆವು. ವಿಮಾನ ನಿಲ್ದಾಣದಿಂದ ಅಬು ಹಲೀಫಾಕ್ಕೆ ಟ್ಯಾಕ್ಸಿ. ನಡುಮಧ್ಯಾಹ್ನ. ತೈಲಬಾವಿಗಳು ಉರಿಯುತ್ತಿದ್ದವು, ಆಕಾಶವಿಡೀ ಕಪ್ಪು ಹೊಗೆ, ಸೂರ್ಯನಿಲ್ಲ, ಕಾರುಗಳೆಲ್ಲ ದೀಪ ಹಾಕಿಕೊಂಡು ಓಡುತ್ತಿದ್ದವು. ರಸ್ತೆಯ ಬದಿಯಲ್ಲಿ ಸುಟ್ಟ ಟ್ಯಾಂಕುಗಳು. ಮಾಮನ ಬಿಳಿ ಅಂಗಿಯ ಮೇಲೆ ಮಸಿ ಉದುರುತ್ತಿತ್ತು.

ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡಿದರು.

"ಮಳೆ ಬರುವ ಹಾಗೆ ಉಂಟು" ಎಂದರು.

"ಅದು ಮೋಡ ಅಲ್ಲ ಮಾಮ, ಹೊಗೆ. ಯುದ್ಧದಲ್ಲಿ ತೈಲಬಾವಿಗಳಿಗೆ ಬೆಂಕಿ ಹಚ್ಚಿದ್ದಾರೆ."

ಮಾಮ ಕತ್ತು ಒಳಗೆ ತೆಗೆದುಕೊಂಡು, ಮುಖದ ಮಸಿ ಒರೆಸಿಕೊಂಡು, ನನ್ನನ್ನು ಕನಿಕರದಿಂದ ನೋಡಿದರು.

"ನೀನೂ ಆ ಪೊರ್ಬುಗಳ ಹಾಗೆ ರೇಡಿಯೋ ಕೇಳಲಿಕ್ಕೆ ಶುರು ಮಾಡಿದೆಯಾ?"